ಹಿಂದಲೆಯಿಂದ ಕೆನ್ನೆಗೆ: ಗಡ್ಡ ಕಸಿ ನಡೆಯುವ ಬಗೆ

ಗಡ್ಡ ಕಸಿಯಲ್ಲಿ ಹೊಸದಾಗಿ ಒಂದು ಕೂದಲೂ ಹುಟ್ಟುವುದಿಲ್ಲ. ಒಂದು ಕಿವಿಯ ಹಿಂದಿನಿಂದ ಇನ್ನೊಂದು ಕಿವಿಯ ಹಿಂದಿನವರೆಗೆ ಹಿಂದಲೆಯಲ್ಲಿ ಹಬ್ಬಿರುವ ಕೂದಲನ್ನು ಬೇರುಸಹಿತ ತೆಗೆದು, ಕೆನ್ನೆ, ಗದ್ದ, ಮೇಲ್ದುಟಿಯ ಚರ್ಮದಲ್ಲಿ ಒಂದೊಂದಾಗಿ ಕೂರಿಸುತ್ತಾರೆ. ಒಂದು ಕಡೆ ಕಡಿಮೆಯಾಗುತ್ತದೆ, ಇನ್ನೊಂದು ಕಡೆ ಸೇರುತ್ತದೆ. ತೆಗೆದ ಜಾಗದಲ್ಲಿ ಮತ್ತೆ ಕೂದಲು ಬರುವುದಿಲ್ಲ. ಜಾಹೀರಾತುಗಳಲ್ಲಿ ಈ ಮಾತು ಎದ್ದು ಕಾಣುವುದಿಲ್ಲ. ಆದರೆ ಯಾರು ಮಾಡಿಸಿಕೊಳ್ಳಬೇಕು, ಯಾವ ವಯಸ್ಸಿನಲ್ಲಿ, ಎಷ್ಟು ಕೂದಲು, ಯಾರ ಕೈಯಿಂದ ಎಂಬ ಪ್ರಶ್ನೆಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ದಟ್ಟ ಗಡ್ಡದ ಆಸೆ ನಮ್ಮಲ್ಲಿ ಹೊಸದೇನೂ ಅಲ್ಲ. ಹುರಿಮೀಸೆ, ಗಿರಿಜಾ ಮೀಸೆಗಳಿಗೆ ಹಿಂದಿನಿಂದಲೂ ಗೌರವವಿತ್ತು. 2018ರಲ್ಲಿ ‘ಕೆಜಿಎಫ್’ ಸಿನಿಮಾ ಬಂದ ಮೇಲೆ ನಟ ಯಶ್ ಅವರ ಹಾಗೆ ಗಡ್ಡ ಬಿಡುವುದು ಕಾಲೇಜು ಹುಡುಗರಲ್ಲಿ ದೊಡ್ಡ ಅಲೆಯಾಯಿತು. ಕೆನ್ನೆಯ ನಡುವೆ ಬೋಳು ತೇಪೆ ಉಳಿದವರಿಗೆ, ಮೀಸೆಗೂ ಗದ್ದದ ಗಡ್ಡಕ್ಕೂ ಕೊಂಡಿ ಕೂಡದವರಿಗೆ ಕೊರಗು ಶುರುವಾದದ್ದೂ ಆಗಲೇ. ಆ ಕೊರಗನ್ನು ಕ್ಷುಲ್ಲಕವೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಮುಖ ನಾವು ದಿನವೂ ಹೊತ್ತು ತಿರುಗುವ ಗುರುತು. ಅದರ ಬಗ್ಗೆ ಬೇಸರವಿದ್ದವರಿಗೆ ಬುದ್ಧಿವಾದಕ್ಕಿಂತ ಸರಿಯಾದ ಮಾಹಿತಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೆಲವರಿಗೆ ಗಡ್ಡ ಏಕೆ ಬರುವುದಿಲ್ಲ

ಹುಡುಗನ ಕೆನ್ನೆಯಲ್ಲಿ ಮೊದಲು ಇರುವುದು ಬಣ್ಣವಿಲ್ಲದ ನವಿರು ರೋಮ. ಹದಿಹರೆಯದಲ್ಲಿ ವೃಷಣಗಳಿಂದ ಟೆಸ್ಟೋಸ್ಟಿರೋನ್ ಹಾರ್ಮೋನು ಹೆಚ್ಚಾಗಿ ಸುರಿಯತೊಡಗುತ್ತದೆ. ಅದರ ಒಂದಂಶ ಚರ್ಮದಲ್ಲಿ ಡೈಹೈಡ್ರೋಟೆಸ್ಟೋಸ್ಟಿರೋನ್, ಚಿಕ್ಕದಾಗಿ ಡಿಎಚ್‌ಟಿ, ಎಂಬ ಇನ್ನೂ ಪ್ರಬಲವಾದ ರೂಪಕ್ಕೆ ತಿರುಗುತ್ತದೆ. ಈ ಡಿಎಚ್‌ಟಿ ತಾಗಿದ ರೋಮದ ಬೇರು ದಪ್ಪಗಾಗಿ, ಆಳಕ್ಕಿಳಿದು, ಕಪ್ಪು ಬಿರುಸು ಕೂದಲನ್ನು ಹೊರಹಾಕುತ್ತದೆ. ಸೋಜಿಗವೆಂದರೆ ಇದೇ ಡಿಎಚ್‌ಟಿ ನೆತ್ತಿಯಲ್ಲಿ ತದ್ವಿರುದ್ಧ ಕೆಲಸ ಮಾಡುತ್ತದೆ. ವಂಶದಲ್ಲಿ ಬೋಳುತನ ಇರುವವರ ನೆತ್ತಿಯ ಬೇರುಗಳನ್ನು ಅದು ವರ್ಷದಿಂದ ವರ್ಷಕ್ಕೆ ಸಣಕಲು ಮಾಡುತ್ತದೆ. ಗಡ್ಡ ಮಾತ್ರ ಪೊದೆಯಂತೆ ಬೆಳೆದು ನೆತ್ತಿ ಮಿರುಗುವ ಗಂಡಸರು ಪ್ರತಿ ಊರಿನಲ್ಲೂ ಕಾಣುವುದು ಈ ಕಾರಣಕ್ಕೆ.

ಇದಕ್ಕೆ ಬಲವಾದ ಸಾಕ್ಷಿ ಸಿಕ್ಕಿದ್ದು ಕೆರಿಬಿಯನ್ ಪ್ರದೇಶದ ಡೊಮಿನಿಕನ್ ಗಣರಾಜ್ಯದ ಒಂದು ಹಳ್ಳಿಗಾಡಿನಲ್ಲಿ. ಅಲ್ಲಿನ ಕೆಲವು ಕುಟುಂಬಗಳ ಗಂಡಸರಿಗೆ ಟೆಸ್ಟೋಸ್ಟಿರೋನನ್ನು ಡಿಎಚ್‌ಟಿ ಮಾಡುವ ಕಿಣ್ವ ಹುಟ್ಟಿನಿಂದಲೇ ಕೊರತೆಯಾಗಿತ್ತು. 1974ರಲ್ಲಿ ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಸಂಗಡಿಗರು ಇವರ ಬಗ್ಗೆ ವರದಿ ಮಾಡಿದರು. ಈ ಗಂಡಸರಿಗೆ ಸ್ನಾಯು ಬಲಿತಿತ್ತು, ದನಿ ಒಡೆದಿತ್ತು. ಆದರೆ ಗಡ್ಡ ತೀರ ವಿರಳ, ನೆತ್ತಿಯಲ್ಲಿ ಬೋಳು ಇಲ್ಲ. ಗಡ್ಡ ಕಡಿಮೆಯಿದ್ದರೆ ಗಂಡಸ್ತನ ಕಡಿಮೆ ಎಂದು ಕಟ್ಟೆಯ ಮೇಲೆ ಕೂತು ಹೇಳುವವರಿಗೆ ಈ ಒಂದು ಉದಾಹರಣೆ ಸಾಕು. ಬಹುಪಾಲು ವಿರಳ ಗಡ್ಡದವರ ಹಾರ್ಮೋನು ಮಟ್ಟ ಸಹಜವಾಗಿಯೇ ಇರುತ್ತದೆ. ಬೇರು ಆ ಹಾರ್ಮೋನಿಗೆ ಎಷ್ಟು ಸ್ಪಂದಿಸುತ್ತದೆ ಎಂಬುದರಲ್ಲಿ ವ್ಯತ್ಯಾಸವಿರುತ್ತದೆ, ಮತ್ತು ಅದು ಅಪ್ಪನ ಕಡೆಯಿಂದಲೂ ಅಮ್ಮನ ಕಡೆಯಿಂದಲೂ ಬಂದ ಬಳುವಳಿ.

ದಿನಾ ಬ್ಲೇಡು ಹಾಕಿದರೆ ಗಡ್ಡ ದಟ್ಟವಾಗುತ್ತದೆ ಎಂಬ ನಂಬಿಕೆಯನ್ನು ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಅಳೆದು ನೋಡಿ ಸುಳ್ಳೆಂದು ತೋರಿಸಿದರು. ಬ್ಲೇಡು ಕೊಯ್ಯುವುದು ಚರ್ಮದ ಮೇಲೆ ಬಂದ ನಿರ್ಜೀವ ಎಳೆಯನ್ನು ಮಾತ್ರ. ಒಳಗಿನ ಬೇರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಮೊಂಡಾದ ತುದಿ ಬಿರುಸಾಗಿ ತಾಗುವುದರಿಂದ ದಪ್ಪಗಾದಂತೆ ಅನಿಸುತ್ತದೆ. ಈರುಳ್ಳಿ ರಸ, ಹರಳೆಣ್ಣೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಲವರ ಮುಖದ ಚರ್ಮ ಅವುಗಳಿಂದ ಉರಿದು ಕಪ್ಪಾಗುತ್ತದೆ ಎಂದಷ್ಟೇ ಎಚ್ಚರಿಸುತ್ತೇನೆ.

ನಿಜವಾಗಿ ಕೆಲಸ ಮಾಡುವ, ದುಡ್ಡು ಬೇಡದ ಚಿಕಿತ್ಸೆ ಒಂದಿದೆ: ವಯಸ್ಸು. ಗಡ್ಡ ಹದಿನೆಂಟಕ್ಕೆ ಪೂರ್ತಿಯಾಗುವುದಿಲ್ಲ. ಮೇಲ್ದುಟಿಯ ಮೂಲೆಯಲ್ಲಿ ಚಿಗುರಿ, ಗದ್ದಕ್ಕೆ ಇಳಿದು, ಕೆನ್ನೆಗೆ ಹಬ್ಬುತ್ತ, ಅನೇಕರಲ್ಲಿ ಮೂವತ್ತರ ಹತ್ತಿರದವರೆಗೂ ದಟ್ಟವಾಗುತ್ತಲೇ ಹೋಗುತ್ತದೆ. ಇಪ್ಪತ್ತು, ಇಪ್ಪತ್ತೊಂದರ ಹುಡುಗ ಕಸಿಗೆಂದು ಬಂದರೆ ಕಾಯಲು ಹೇಳಿ ಕಳಿಸುವ ವೈದ್ಯರನ್ನು ನಂಬಬಹುದು. ಅದೇ ದಿನ ಮುಂಗಡ ಕಟ್ಟಿಸಿಕೊಳ್ಳುವವರಿಂದ ದೂರವಿರುವುದು ಒಳ್ಳೆಯದು.

ಕಾಯುವ ಕಾಲದಲ್ಲಿ ಮಿನಾಕ್ಸಿಡಿಲ್ ಪ್ರಯತ್ನಿಸುವವರಿದ್ದಾರೆ. ನೆತ್ತಿಯ ಬೋಳಿಗೆಂದು ಒಪ್ಪಿಗೆ ಪಡೆದ ಈ ದ್ರಾವಣವನ್ನು ಗಡ್ಡಕ್ಕೆ ಬಳಸುವುದು ಔಷಧಿಯ ಲೇಬಲ್ಲಿನಲ್ಲಿ ನಮೂದಾಗದ ಬಳಕೆ. ಥಾಯ್ಲೆಂಡ್‌ನಲ್ಲಿ ಶೇ 3ರ ಮಿನಾಕ್ಸಿಡಿಲ್ ಹಚ್ಚಿ ನಡೆಸಿ 2016ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದರಲ್ಲಿ ಗಡ್ಡ ಸ್ವಲ್ಪ ಹೆಚ್ಚಿದ್ದು ಕಂಡಿತ್ತು. ಚರ್ಮವೈದ್ಯರನ್ನು ಕೇಳಿ ಕೆಲವು ತಿಂಗಳು ಹಚ್ಚಿ ನೋಡುವುದರಲ್ಲಿ ತಪ್ಪಿಲ್ಲ. ಮನೆಯಲ್ಲಿ ಬೆಕ್ಕು ಇದ್ದರೆ ಮಾತ್ರ ಬಹಳ ಜೋಪಾನ, ಏಕೆಂದರೆ ಮಿನಾಕ್ಸಿಡಿಲ್ ಬೆಕ್ಕುಗಳಿಗೆ ಪ್ರಾಣಾಂತಕ ವಿಷ. ಹಚ್ಚಿಕೊಂಡ ಕೆನ್ನೆಗೆ ಎಳೆಗೂಸನ್ನು ಒತ್ತಿಕೊಂಡರೆ ಮಗುವಿನ ಮೈಮೇಲೆ ಅತಿಯಾಗಿ ರೋಮ ಬೆಳೆದ ಪ್ರಕರಣಗಳು ಯುರೋಪಿನಲ್ಲಿ ವರದಿಯಾಗಿವೆ.

ಗಡ್ಡ ಮೊದಲು ಚೆನ್ನಾಗಿದ್ದು, ಆಮೇಲೆ ನಾಣ್ಯದಗಲ ನುಣ್ಣಗೆ ಉದುರಿದ್ದರೆ ಅದು ಬೇರೆಯೇ ಕಥೆ. ಊರ ಕಡೆ ‘ಹುಳ ತಿಂದಿದೆ’ ಎನ್ನುತ್ತಾರೆ. ಹುಳವೇನೂ ಇರುವುದಿಲ್ಲ, ದೇಹದ ರೋಗನಿರೋಧಕ ಪಡೆಯೇ ಕೂದಲ ಬೇರಿನ ಮೇಲೆ ತಿರುಗಿಬಿದ್ದಿರುತ್ತದೆ. ಅಲೊಪೇಶಿಯಾ ಅರಿಯೇಟಾ ಎಂಬ ಈ ಸ್ಥಿತಿ ಚುರುಕಾಗಿರುವಾಗ ಕಸಿ ಮಾಡಿದರೆ ನೆಟ್ಟ ಕೂದಲನ್ನೂ ಅದು ಉದುರಿಸಬಲ್ಲದು. ಇದಕ್ಕೆ ಔಷಧಿ ಇದೆ, ಎಷ್ಟೋ ಸಲ ತಾನಾಗಿಯೇ ವಾಸಿಯಾಗುತ್ತದೆ. ಹಾಗಾಗಿ ಕತ್ತರಿ ಹಿಡಿಯುವವರ ಬಳಿಗೆ ಹೋಗುವ ಮೊದಲು ಕಾರಣ ಹುಡುಕುವವರ ಬಳಿಗೆ ಹೋಗಬೇಕು.

ತಲೆಯ ಕೂದಲು ಮುಖದಲ್ಲಿ ಬದುಕುವುದು ಹೇಗೆ

ಕಸಿಯ ಮೂಲ ಬೊಂಬಾಯಿಯಲ್ಲೂ ಇಲ್ಲ, ಇಸ್ತಾಂಬುಲ್‌ನಲ್ಲೂ ಇಲ್ಲ. ಜಪಾನಿನ ಚರ್ಮವೈದ್ಯ ಶೋಜಿ ಒಕುಡಾ 1939ರಲ್ಲಿ, ಸಣ್ಣ ದುಂಡು ಅಲಗಿನಿಂದ ಕೂದಲಿರುವ ಚರ್ಮದ ಬಿಲ್ಲೆಗಳನ್ನು ತೆಗೆದು ಸುಟ್ಟ ಗಾಯದ ಕಲೆಗಳಲ್ಲಿ ನೆಟ್ಟ ತಮ್ಮ ಕೆಲಸವನ್ನು ಪ್ರಕಟಿಸಿದರು. ಅವರ ರೋಗಿಗಳಲ್ಲಿ ತಲೆಯಷ್ಟೇ ಅಲ್ಲ, ಹುಬ್ಬು ಮೀಸೆ ಕಳೆದುಕೊಂಡವರೂ ಇದ್ದರು. ಆ ಹೊತ್ತಿಗೆ ಮಹಾಯುದ್ಧ ಕವಿದುಕೊಂಡಿತು. ಜಪಾನಿ ಭಾಷೆಯ ಆ ಬರಹ ಪಶ್ಚಿಮದ ವೈದ್ಯರ ಕಣ್ಣಿಗೆ ಬೀಳಲು ದಶಕಗಳೇ ಬೇಕಾದವು.

ಒಕುಡಾ ಅವರ ಕೆಲಸದ ಅರಿವಿಲ್ಲದೆಯೇ ನ್ಯೂಯಾರ್ಕ್‌ನ ಚರ್ಮವೈದ್ಯ ನಾರ್ಮನ್ ಓರೆಂಟ್ರಿಚ್ 1950ರ ದಶಕದಲ್ಲಿ ಅದೇ ದಾರಿ ಹಿಡಿದರು. 1959ರಲ್ಲಿ ಪ್ರಕಟವಾದ ಅವರ ಲೇಖನದ ಮುಖ್ಯ ಮಾತು ಇದು: ಕೂದಲು ಹೋದ ಜಾಗದ ಗುಣ ಹಿಡಿಯುವುದಿಲ್ಲ, ಬಂದ ಜಾಗದ ಗುಣ ಬಿಡುವುದಿಲ್ಲ. ಹಿಂದಲೆಯ ಬೇರುಗಳು ಡಿಎಚ್‌ಟಿಗೆ ಮಣಿಯದಂಥವು. ಅವನ್ನು ಎಲ್ಲಿ ನೆಟ್ಟರೂ ಹಾಗೆಯೇ ಉಳಿಯುತ್ತವೆ. ಇಡೀ ಕೂದಲು ಕಸಿ ನಿಂತಿರುವುದು ಈ ತಿಳಿವಳಿಕೆಯ ಮೇಲೆ.

ಗಡ್ಡದ ಮಟ್ಟಿಗೆ ಇದರಲ್ಲಿ ಲಾಭವೂ ಇದೆ, ತೊಡಕೂ ಇದೆ. ನೆಟ್ಟದ್ದು ಬಾಳಿಕೆ ಬರುತ್ತದೆ, ಬೋಳಿಸಿದರೂ ಮತ್ತೆ ಬರುತ್ತದೆ. ಆದರೆ ಅದು ತಲೆಗೂದಲಾಗಿಯೇ ಬೆಳೆಯುತ್ತದೆ. ಸಹಜ ಗಡ್ಡದ ಎಳೆ ದಪ್ಪ, ಒರಟು. ನೆಟ್ಟದ್ದು ಸ್ವಲ್ಪ ನಯ. ತಲೆಗೂದಲಿನಂತೆ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಉದ್ದವಾಗುತ್ತ ಹೋಗುವುದರಿಂದ ಅಕ್ಕಪಕ್ಕದ ಗಡ್ಡಕ್ಕೆ ಸರಿಯಾಗಿ ಆಗಾಗ ಟ್ರಿಮ್ ಮಾಡುತ್ತಿರಬೇಕು. ನರೆಯುವುದೂ ತಲೆಯ ಲೆಕ್ಕದಲ್ಲೇ ಆಗಬಹುದು, ಗಡ್ಡದ ಲೆಕ್ಕದಲ್ಲಲ್ಲ.

1990ರ ದಶಕದವರೆಗೆ ಬಿಲ್ಲೆಗಳು ದೊಡ್ಡವಿದ್ದವು. ಒಂದೊಂದರಲ್ಲೂ ಹತ್ತಾರು ಕೂದಲಿದ್ದು, ಗೊಂಬೆಯ ತಲೆಯಲ್ಲಿ ಕುಚ್ಚು ಹೊಲಿದಂತೆ ಕಾಣುತ್ತಿತ್ತು. ಮುಖಕ್ಕೆ ಅದು ಸಲ್ಲುವಂತೆಯೇ ಇರಲಿಲ್ಲ. ಕೂದಲು ಸಹಜವಾಗಿ ಒಂದರಿಂದ ನಾಲ್ಕರ ಪುಟ್ಟ ಗುಂಪುಗಳಲ್ಲಿ ಹುಟ್ಟುತ್ತದೆ ಎಂಬುದನ್ನು ಗಮನಿಸಿ, ಸೂಕ್ಷ್ಮದರ್ಶಕದಡಿ ಆ ಗುಂಪುಗಳನ್ನು ಹಾಗೆಯೇ ಬಿಡಿಸಿ ನೆಡಲು ಕಲಿತ ಮೇಲೆ ಚಿತ್ರ ಬದಲಾಯಿತು. ಆ ಒಂದು ಗುಂಪೇ ಇಂದಿನ ಗ್ರಾಫ್ಟ್. ಕೆನ್ನೆ ಮೀಸೆಗಳಿಗೆ ಒಂದು ಅಥವಾ ಎರಡು ಕೂದಲಿನ ಗ್ರಾಫ್ಟುಗಳೇ ಬೇಕು. ಮೂರು ನಾಲ್ಕರದ್ದನ್ನು ನೆಟ್ಟರೆ ಹಳೆಯ ಕುಚ್ಚಿನ ನೋಟವೇ ಮರಳುತ್ತದೆ.

ತೆಗೆಯುವುದಕ್ಕೆ ಎರಡು ಹಾದಿಗಳಿವೆ. ಹಿಂದಲೆಯಿಂದ ಚರ್ಮದ ಉದ್ದ ಪಟ್ಟಿಯನ್ನೇ ಕೊಯ್ದು ಹೊಲಿಗೆ ಹಾಕಿ, ಪಟ್ಟಿಯನ್ನು ಗ್ರಾಫ್ಟುಗಳಾಗಿ ಬಿಡಿಸುವುದು ಎಫ್‌ಯುಟಿ. ಇದರಲ್ಲಿ ಗೆರೆಯಂತಹ ಕಲೆ ಉಳಿಯುತ್ತದೆ. ಸುಮಾರು 0.7ರಿಂದ 1 ಮಿಲಿಮೀಟರ್ ಅಗಲದ ಟೊಳ್ಳು ಪಂಚ್‌ನಿಂದ ಒಂದೊಂದೇ ಗ್ರಾಫ್ಟನ್ನು ಹೊರತೆಗೆಯುವುದು ಎಫ್‌ಯುಇ. 2002ರಲ್ಲಿ ಅಮೆರಿಕದ ವೈದ್ಯರಾದ ರಾಸ್‌ಮನ್ ಮತ್ತು ಬರ್ನ್‌ಸ್ಟೈನ್ ಇದನ್ನು ವೈದ್ಯಕೀಯ ಸಾಹಿತ್ಯದಲ್ಲಿ ವಿವರಿಸಿದ ಮೇಲೆ ಜಗತ್ತಿನೆಲ್ಲೆಡೆ ಹರಡಿತು. ಇದರಲ್ಲಿ ಉಳಿಯುವುದು ಚುಕ್ಕಿ ಚುಕ್ಕಿ ಕಲೆ. ಕೂದಲು ತುಸು ಬೆಳೆದರೆ ಕಾಣುವುದಿಲ್ಲ. ಗಡ್ಡಕ್ಕೆ ಈಗ ಹೆಚ್ಚಾಗಿ ನಡೆಯುವುದು ಎಫ್‌ಯುಇ. ಡಿಎಚ್‌ಐ ಎಂಬ ಹೆಸರಿನಲ್ಲಿ ಪ್ರಚಾರವಾಗುವುದು ಪೆನ್ನಿನಂತಹ ಉಪಕರಣದಿಂದ ನೆಡುವ ವಿಧಾನ. ನೀಲಮಣಿ ಅಲಗು, ಚಿನ್ನದ ಸೂಜಿ, ರೋಬೋಟು ಎಂಬ ಹೆಸರುಗಳಿಗೆ ಮಾರುಹೋಗಬೇಕಿಲ್ಲ. ಉಪಕರಣಕ್ಕಿಂತ ಅದನ್ನು ಹಿಡಿದ ಕೈ ಮುಖ್ಯ.

ದಾಸ್ತಾನಿನ ಲೆಕ್ಕ

ಒಬ್ಬ ಮನುಷ್ಯನ ಹಿಂದಲೆಯಿಂದ ಬೋಳು ಕಾಣದಂತೆ ಜೀವಮಾನದಲ್ಲಿ ತೆಗೆಯಬಹುದಾದ ಗ್ರಾಫ್ಟುಗಳು ಸಾಮಾನ್ಯವಾಗಿ ಐದಾರು ಸಾವಿರದ ಆಸುಪಾಸು. ತಲೆಯಿಂದ ತಲೆಗೆ ಇದು ಬದಲಾಗುತ್ತದೆ. ಇನ್ನು ಬೇಡಿಕೆ ನೋಡಿ. ಮೀಸೆಯೊಂದಕ್ಕೆ ಸುಮಾರು 350ರಿಂದ 500, ಫ್ರೆಂಚ್ ಗಡ್ಡಕ್ಕೆ 600ರ ಮೇಲೆ, ಕಿವಿಯ ಮುಂದಿನ ಸೈಡ್‌ಲಾಕ್‌ಗೆ ಒಂದು ಬದಿಗೆ 200 ಚಿಲ್ಲರೆ, ಕೆನ್ನೆಗೆ ಒಂದೊಂದು ಬದಿಗೆ 300ರಿಂದ 700. ಏನೂ ಇಲ್ಲದ ಮುಖಕ್ಕೆ ಪೂರ್ತಿ ಗಡ್ಡ ಬೇಕೆಂದರೆ ಎರಡು ಸಾವಿರ ದಾಟುವುದು ಸುಲಭ.

ಈಗ ಇಪ್ಪತ್ತೆರಡರ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಅವನ ಅಪ್ಪನಿಗೂ ಸೋದರಮಾವನಿಗೂ ನೆತ್ತಿ ಬೋಳು. ಅವನು ಇಂದು 2,500 ಗ್ರಾಫ್ಟುಗಳನ್ನು ಕೆನ್ನೆಗೆ ಖರ್ಚು ಮಾಡಿದರೆ, ಮೂವತ್ತೈದರಲ್ಲಿ ನೆತ್ತಿ ತೆಳುವಾದಾಗ ಹಿಂದಲೆಯಲ್ಲಿ ಉಳಿದಿರುವುದು ಅರ್ಧದಷ್ಟೇ. ಗಡ್ಡ ಕಸಿಯ ವಿಷಯದಲ್ಲಿ ನನಗೆ ಅತಿ ಹೆಚ್ಚು ಕಾಳಜಿ ಇರುವುದು ಈ ಹುಡುಗನ ಬಗ್ಗೆ. ಕ್ಲಿನಿಕ್ಕಿನಲ್ಲಿ ಅವನಿಗೆ ತೋರಿಸುವುದು ಒಂದು ವರ್ಷದ ನಂತರದ ಫೋಟೊ. ಹದಿನೈದು ವರ್ಷದ ನಂತರದ ತಲೆಯ ಬಗ್ಗೆ ಕೂತು ಮಾತನಾಡುವ ವೈದ್ಯರು ಅವನಿಗೆ ಸಿಗಬೇಕು. ಕುಟುಂಬದವರ ತಲೆಗಳ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಗ್ರಾಫ್ಟುಗಳ ಸಂಖ್ಯೆ ಹೇಳಿದವರು ಅರ್ಧ ಪರೀಕ್ಷೆಯನ್ನೇ ಮಾಡಿಲ್ಲವೆಂದು ತಿಳಿಯಬಹುದು. ಇನ್ನೊಂದು ವಿಚಿತ್ರವೂ ಉಂಟು: ನೆತ್ತಿ ಪೂರ್ತಿ ಬೋಳಾಗಿ ಹಿಂದಲೆ ಸಾಲದವರಿಗೆ ಶಸ್ತ್ರವೈದ್ಯರು ದವಡೆಯ ಕೆಳಗಿನ ಗಡ್ಡವನ್ನೇ ತೆಗೆದು ತಲೆಗೆ ನೆಡುತ್ತಾರೆ.

ಹಾಗೆಂದು ಎಲ್ಲರನ್ನೂ ತಡೆಯಬೇಕಿಲ್ಲ. ಸೀಳುತುಟಿಯ ಶಸ್ತ್ರಚಿಕಿತ್ಸೆಯಾದವರ ಮೇಲ್ದುಟಿಯಲ್ಲಿ ಉಳಿದ ಗೆರೆಯ ಮೇಲೆ ಮೀಸೆ ಬರುವುದಿಲ್ಲ. ಅಲ್ಲಿ ನೂರೋ ಇನ್ನೂರೋ ಗ್ರಾಫ್ಟು ನೆಟ್ಟರೆ ಕಲೆ ಮರೆಯಾಗುತ್ತದೆ. ಸುಟ್ಟ ಗಾಯ, ಅಪಘಾತದ ಕಲೆ ಹೊತ್ತವರಿಗೂ ಇದು ದೊಡ್ಡ ಆಸರೆ. ಕಲೆಯ ಚರ್ಮದಲ್ಲಿ ರಕ್ತದ ಓಡಾಟ ಕಡಿಮೆಯಿರುವುದರಿಂದ ಹಿಡಿಯುವ ಪ್ರಮಾಣ ತುಸು ಕಡಿಮೆ, ಎರಡು ಕಂತು ಬೇಕಾಗಬಹುದು. ಟೆಸ್ಟೋಸ್ಟಿರೋನ್ ಚಿಕಿತ್ಸೆಯಲ್ಲಿರುವ ಟ್ರಾನ್ಸ್ ಪುರುಷರಲ್ಲಿ ಗಡ್ಡ ತುಂಬಲು ಕೆಲವು ವರ್ಷಗಳೇ ಹಿಡಿಯುತ್ತವೆ. ಅಷ್ಟು ಕಾದ ಮೇಲೂ ತೆಳುವೇ ಉಳಿದರೆ ಅವರೂ ಈ ದಾರಿ ಹಿಡಿಯುತ್ತಾರೆ. ಮೂವತ್ತು ದಾಟಿ, ತಲೆ ಗಟ್ಟಿಯಾಗಿದ್ದು, ಕೆನ್ನೆಯಲ್ಲಿ ಒಂದೆರಡು ತೇಪೆ ಮಾತ್ರ ತುಂಬಬೇಕಾದವರು ಈ ಶಸ್ತ್ರಚಿಕಿತ್ಸೆಗೆ ಹೇಳಿ ಮಾಡಿಸಿದವರು.

ಶಸ್ತ್ರಚಿಕಿತ್ಸೆಯ ದಿನ

ಮೊದಲೇ ರಕ್ತದೊತ್ತಡ, ಸಕ್ಕರೆ, ರಕ್ತ ಹೆಪ್ಪುಗಟ್ಟುವ ಗುಣ, ಎಚ್‌ಐವಿ ಮತ್ತು ಹೆಪಟೈಟಿಸ್ ಪರೀಕ್ಷೆ ಮಾಡಿಸುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ, ಹೃದಯದ ಔಷಧಿ ಏನೇ ಇದ್ದರೂ ಹೇಳಬೇಕು, ತಾವಾಗಿಯೇ ನಿಲ್ಲಿಸಬಾರದು. ಗಾಯವಾದ ಕಡೆ ಉಬ್ಬಿದ ಗಡ್ಡೆಯಂತಹ ಕಲೆ ಬೀಳುವ ಮೈ ಇದ್ದರೆ, ಅಂದರೆ ಕೀಲಾಯ್ಡ್ ಇದ್ದರೆ, ಅದನ್ನು ಮುಚ್ಚಿಡುವುದು ಅಪಾಯ. ದವಡೆಯ ಅಂಚು ಕೀಲಾಯ್ಡ್‌ಗೆ ಬಲು ಪ್ರಿಯವಾದ ಜಾಗ.

ನಂತರ ಗೆರೆ ಎಳೆಯುವ ಕೆಲಸ. ವೈದ್ಯರು ಕನ್ನಡಿಯೆದುರು ನಿಮ್ಮನ್ನು ಕೂರಿಸಿ, ಪೆನ್ನಿನಿಂದ ಕೆನ್ನೆಯ ಮೇಲಿನ ಅಂಚು, ಮೀಸೆಯ ತುದಿ, ಗದ್ದಕ್ಕೆ ಕೂಡುವ ಜಾಗ ಗುರುತು ಮಾಡುತ್ತಾರೆ. ಇಲ್ಲಿ ಅವಸರ ಬೇಡ. ಕೆನ್ನೆಯ ಅಂಚು ಅಳತೆಪಟ್ಟಿ ಇಟ್ಟು ಎಳೆದಂತೆ ನೇರವಾಗಿದ್ದರೆ ಬಣ್ಣ ಬಳಿದಂತೆ ಕಾಣುತ್ತದೆ. ಸಹಜ ಗಡ್ಡದ ಅಂಚು ಸ್ವಲ್ಪ ಚದುರಿ, ಒಂಟಿ ಕೂದಲುಗಳಿಂದ ತೆಳುವಾಗಿ ಶುರುವಾಗುತ್ತದೆ. ಇಂದಿನ ಸಿನಿಮಾದ ಶೈಲಿಯನ್ನು ಮುಖದ ಮೇಲೆ ಕಾಯಂ ಮಾಡಿಸಿಕೊಳ್ಳುವುದಕ್ಕಿಂತ ಅಣ್ಣತಮ್ಮಂದಿರ ಗಡ್ಡದ ಆಕಾರವನ್ನು ಮಾದರಿಯಾಗಿಡುವುದು ಜಾಣತನ.

ಹಿಂದಲೆ ಬೋಳಿಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಇಡೀ ದಿನದಲ್ಲಿ ನೋವೆಂದರೆ ಇದೇ. ಮುಖದಲ್ಲಿ, ಮುಖ್ಯವಾಗಿ ಮೇಲ್ದುಟಿಯಲ್ಲಿ, ಸೂಜಿ ಚುರುಕಾಗಿ ಚುಚ್ಚುತ್ತದೆ. ಲಿಡೊಕೇನ್ ಎಂಬ ಆ ಔಷಧಿಗೆ ಮಿತಿಯಿದೆ: ಅಡ್ರಿನಲಿನ್ ಬೆರೆಸಿದ್ದಾದರೆ ದೇಹತೂಕದ ಪ್ರತಿ ಕಿಲೋಗೆ 7 ಮಿಲಿಗ್ರಾಂ. 70 ಕಿಲೋ ತೂಕದವರಿಗೆ 490 ಮಿಲಿಗ್ರಾಂ, ಅಂದರೆ ಶೇ 2ರ ದ್ರಾವಣದಲ್ಲಿ 25 ಮಿಲಿಲೀಟರ್‌ಗೂ ಕಡಿಮೆ. ಗಡ್ಡ ಕಸಿಯಲ್ಲಿ ತಲೆ, ಮುಖ ಎರಡನ್ನೂ ಮರಗಟ್ಟಿಸಬೇಕು, ಕೆಲಸ ಗಂಟೆಗಟ್ಟಲೆ ನಡೆಯುವುದರಿಂದ ಮತ್ತೆ ಮತ್ತೆ ಚುಚ್ಚಬೇಕು. ಲೆಕ್ಕ ತಪ್ಪಿದರೆ ಬಾಯಿಯ ಸುತ್ತ ಜೋಮು, ಕಿವಿಯಲ್ಲಿ ಗುಂಯ್ ಸದ್ದು, ಆಮೇಲೆ ಫಿಟ್ಸ್, ಹೃದಯದ ಬಡಿತದಲ್ಲಿ ಏರುಪೇರು. ತುಟಿ ಹೇಗೂ ಮರಗಟ್ಟಿರುವುದರಿಂದ ಗಡ್ಡ ಕಸಿಯಲ್ಲಿ ಮೊದಲ ಎಚ್ಚರಿಕೆ ಗೊತ್ತಾಗದೆ ಹೋಗಬಹುದು. ಯಾರೋ ಒಬ್ಬರು ಪ್ರತಿ ಸಿರಿಂಜನ್ನೂ ಬರೆದಿಡುತ್ತಿರಬೇಕು, ನಾಡಿ ಮತ್ತು ಆಮ್ಲಜನಕದ ಮಾನಿಟರ್ ಹಾಕಿರಬೇಕು ಎನ್ನುವುದು ಇದಕ್ಕಾಗಿ.

ಬೋರಲು ಮಲಗಿಸಿ ಗ್ರಾಫ್ಟು ತೆಗೆಯುತ್ತಾರೆ. ಚರ್ಮದೊಳಗೆ ಬೇರು ಎತ್ತ ಓರೆಯಾಗಿದೆ ಎಂದು ಹೊರಗಿನಿಂದಲೇ ಊಹಿಸಿ ಪಂಚ್ ಇಳಿಸಬೇಕು. ಕೋನ ತಪ್ಪಿದರೆ ಬೇರು ತುಂಡಾಗಿ ಆ ಕೂದಲು ಎರಡೂ ಕಡೆ ನಷ್ಟ. ತೆಗೆದದ್ದನ್ನು ತಂಪಾದ ಲವಣದ್ರಾವಣದಲ್ಲಿ ಇಡುತ್ತಾರೆ. ದೇಹದಿಂದ ಹೊರಗಿದ್ದ ಪ್ರತಿ ಗಂಟೆಗೆ ಬದುಕುವ ಗ್ರಾಫ್ಟುಗಳ ಪ್ರಮಾಣ ಸುಮಾರು ಶೇ 1ರಷ್ಟು ಇಳಿಯುತ್ತದೆ ಎಂದು ಅಮೆರಿಕದ ಕಸಿ ವೈದ್ಯ ಬಾಬಿ ಲಿಮ್ಮರ್ ಲೆಕ್ಕ ಹಾಕಿದ್ದರು. ಒಣಗಲು ಬಿಟ್ಟರಂತೂ ನಿಮಿಷಗಳಲ್ಲೇ ಸಾಯುತ್ತವೆ.

ಆಮೇಲಿನದು ಅತಿ ನಾಜೂಕಿನ ಹಂತ. ಅಂಗಾತ ಮಲಗಿಸಿ, ಒಂದು ಮಿಲಿಮೀಟರ್‌ಗಿಂತ ಕಿರಿದಾದ ಅಲಗಿನಿಂದ ಮುಖದಲ್ಲಿ ನೂರಾರು ಸೀಳು ಮಾಡುತ್ತಾರೆ. ಮಾಡುವ ಸೀಳಿನ ದಿಕ್ಕೇ ಮುಂದೆ ಬರುವ ಕೂದಲಿನ ದಿಕ್ಕು. ನಿಮ್ಮದೇ ಕೆನ್ನೆಯ ಮೇಲೆ ಬೆರಳು ಸವರಿ ನೋಡಿ: ಗಡ್ಡದ ಕೂದಲು ಚರ್ಮಕ್ಕೆ ಬಹುತೇಕ ಅಂಟಿಕೊಂಡೇ, ಹತ್ತು ಹದಿನೈದು ಡಿಗ್ರಿ ಓರೆಯಲ್ಲಿ ಹೊರಬರುತ್ತದೆ. ಕೆನ್ನೆಯಲ್ಲಿ ಕೆಳಮುಖ, ಮೂಗಿನ ಕೆಳಗೆ ನೇರ ಕೆಳಕ್ಕೆ, ತುಟಿಯ ಮೂಲೆಗೆ ಹೋದಂತೆ ಹೊರಕ್ಕೆ, ಗಂಟಲಿನ ಮೇಲೆ ಸುಳಿ ಸುಳಿಯಾಗಿ. ತಲೆಯ ಕಸಿಯಲ್ಲಿ ಕೋನ ಸ್ವಲ್ಪ ತಪ್ಪಿದರೂ ಉದ್ದ ಕೂದಲು ಅದನ್ನು ಮುಚ್ಚುತ್ತದೆ. ಗಡ್ಡದಲ್ಲಿ ಆ ರಿಯಾಯಿತಿ ಇಲ್ಲ. ನೆಟ್ಟಗೆ ನಿಂತ ಕೂದಲು ಮುಖದಿಂದ ಮುಂದಕ್ಕೆ ಚಾಚಿ, ಎದುರು ಕೂತವರಿಗೆ ಮೊದಲ ನೋಟಕ್ಕೇ ಗೊತ್ತಾಗುತ್ತದೆ. ತಲೆಗೂದಲು ಕಸಿಯಲ್ಲಿ ಪಳಗಿದವರೆಲ್ಲ ಗಡ್ಡದಲ್ಲಿ ಪಳಗಿದವರಲ್ಲ ಎಂಬುದಕ್ಕೆ ಇದೇ ಕಾರಣ. ತಲೆಯ ಫೋಟೊ ತೋರಿಸಿದರೆ ತೃಪ್ತರಾಗದೆ, ಅವರೇ ಮಾಡಿದ ಗಡ್ಡಗಳನ್ನು ಪಕ್ಕದಿಂದ, ಹತ್ತಿರದಿಂದ, ಟ್ರಿಮ್ ಮಾಡಿದ ಸ್ಥಿತಿಯಲ್ಲಿ ತೆಗೆದ ಫೋಟೊ ಕೇಳಬೇಕು.

ಸೀಳುಗಳಿಗೆ ಗ್ರಾಫ್ಟುಗಳನ್ನು ಸೂಕ್ಷ್ಮ ಚಿಮುಟದಿಂದ ಕೂರಿಸುವುದು ಕೊನೆಯ ಹಂತ. ಮುಖದ ಚರ್ಮದಲ್ಲಿ ರಕ್ತ ಹೆಚ್ಚು, ಹಾಗಾಗಿ ಕೂರಿಸಿದ್ದು ಪುಟಿದು ಹೊರಬರುವುದುಂಟು. ಆಳ ಹೆಚ್ಚಾದರೆ ಕುಳಿ ಬೀಳುತ್ತದೆ, ಕಡಿಮೆಯಾದರೆ ಸಣ್ಣ ದಿಬ್ಬ ಏಳುತ್ತದೆ. ಒಟ್ಟು ಕೆಲಸ ನಾಲ್ಕರಿಂದ ಎಂಟು ಗಂಟೆ. ಎಚ್ಚರವಾಗಿಯೇ ಇರುತ್ತೀರಿ, ಸಂಜೆ ಮನೆಗೆ ಹೋಗಬಹುದು.

ಯಾರ ಕೈ

2016ರಲ್ಲಿ ಚೆನ್ನೈನಲ್ಲಿ ಕೂದಲು ಕಸಿ ಮಾಡಿಸಿಕೊಂಡ ವೈದ್ಯಕೀಯ ವಿದ್ಯಾರ್ಥಿಯೊಬ್ಬ ತೀರಿಕೊಂಡ. 2019ರಲ್ಲಿ ಮುಂಬೈಯ ಉದ್ಯಮಿಯೊಬ್ಬರು ಒಂದೇ ಬಾರಿಗೆ ಸಾವಿರಾರು ಗ್ರಾಫ್ಟುಗಳ ದೀರ್ಘ ಕಸಿಯಾದ ಮೇಲೆ ಉಸಿರಾಟದ ತೊಂದರೆಯಿಂದ ಸತ್ತರು. ದೆಹಲಿಯಲ್ಲಿ ಸೋಂಕಿನಿಂದ ಪ್ರಾಣ ಕಳೆದುಕೊಂಡ ಯುವಕನ ಪ್ರಕರಣವೂ ಸುದ್ದಿಯಾಯಿತು. ಇಂಥ ಸಾವುಗಳು ವಿರಳ. ಆದರೂ ಸಾಯುವ ಕಾಯಿಲೆಯೇ ಅಲ್ಲದ್ದಕ್ಕೆ ಒಬ್ಬ ಮಗ ಮನೆಗೆ ಮರಳಲಿಲ್ಲವೆಂದರೆ ಆ ತಾಯಿಗೆ ವಿರಳವೆಂಬ ಮಾತಿನಿಂದ ಯಾವ ಸಮಾಧಾನ?

ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರ್‌ನಲ್ಲಿ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಶಸ್ತ್ರಚಿಕಿತ್ಸೆಯಲ್ಲಿ ಕ್ರಮಬದ್ಧ ತರಬೇತಿ ಪಡೆದವರು, ಅಂದರೆ ಪ್ಲಾಸ್ಟಿಕ್ ಸರ್ಜನ್‌ಗಳು, ಅಥವಾ ಚರ್ಮದ ಶಸ್ತ್ರಚಿಕಿತ್ಸೆ ಕಲಿತ ಚರ್ಮವೈದ್ಯರು ಇದನ್ನು ಮಾಡಬೇಕು. ಕಾರ್ಯಾಗಾರಗಳಲ್ಲಿ ಅಥವಾ ಯೂಟ್ಯೂಬ್‌ನಲ್ಲಿ ನೋಡಿ ಕಲಿತದ್ದು ಸಾಲದು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೂ ಎಷ್ಟೋ ಕಡೆ ಫಲಕದಲ್ಲಿ ವೈದ್ಯರ ಹೆಸರಿದ್ದು, ಪಂಚ್ ಹಿಡಿಯುವವರು ತಂತ್ರಜ್ಞರಾಗಿರುತ್ತಾರೆ. ಗ್ರಾಫ್ಟು ಎಣಿಸಲು, ವಿಂಗಡಿಸಲು, ವೈದ್ಯರ ಕಣ್ಣೆದುರು ಕೂರಿಸಲು ತರಬೇತಾದ ಸಹಾಯಕರು ಬೇಕೇಬೇಕು. ಆದರೆ ಅರಿವಳಿಕೆ ಕೊಡುವುದು, ಗ್ರಾಫ್ಟು ತೆಗೆಯುವುದು, ಸೀಳು ಮಾಡುವುದು ಈ ಮೂರೂ ವೈದ್ಯರದೇ ಕೆಲಸ. ‘ಡಾಕ್ಟ್ರೇ, ಈ ಮೂರನ್ನೂ ನೀವೇ ಮಾಡ್ತೀರಾ? ಮುಗಿಯೋ ತನಕ ಇಲ್ಲೇ ಇರ್ತೀರಾ?’ ಎಂದು ಕೇಳಲು ಸಂಕೋಚ ಪಡಬಾರದು. ಕೌನ್ಸೆಲರ್ ಎಂಬ ಹೆಸರಿನ ಮಾರಾಟ ಪ್ರತಿನಿಧಿ ಕೊಡುವ ಉತ್ತರ ಲೆಕ್ಕಕ್ಕಿಲ್ಲ. ವೈದ್ಯರ ಬಾಯಿಂದಲೇ ಕೇಳಬೇಕು.

ನಮ್ಮ ರಾಜ್ಯದಲ್ಲಿ ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರಡಿ ನೋಂದಾಯಿಸಿಕೊಳ್ಳಬೇಕು. ಜನ ಕೆಪಿಎಂಇ ಎಂದು ಕರೆಯುವ ಆ ಪ್ರಮಾಣಪತ್ರ ಕ್ಲಿನಿಕ್ಕಿನಲ್ಲಿ ಕಣ್ಣಿಗೆ ಬೀಳುವಂತಿರಬೇಕು. ವೈದ್ಯರ ನೋಂದಣಿ ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ತಾಳೆ ನೋಡಬಹುದು. ಬ್ಯೂಟಿ ಪಾರ್ಲರಿನ ಮಹಡಿಯ ಮೇಲೆ, ಆಮ್ಲಜನಕದ ಸಿಲಿಂಡರೂ ತುರ್ತು ಔಷಧಿಯೂ ಇಲ್ಲದ ಕೋಣೆಯಲ್ಲಿ ಯಾವ ರಿಯಾಯಿತಿ ಕೊಟ್ಟರೂ ಮಲಗಬೇಡಿ.

ಖರ್ಚು ಸಾಮಾನ್ಯವಾಗಿ ಗ್ರಾಫ್ಟಿಗೆ ಇಷ್ಟು ಎಂದು ಇರುತ್ತದೆ. ಕೆಲವು ಕಡೆ ಕೂದಲು ಲೆಕ್ಕ ಹೇಳಿ ದೊಡ್ಡ ಸಂಖ್ಯೆ ತೋರಿಸುತ್ತಾರೆ. ಒಂದು ಗ್ರಾಫ್ಟಿನಲ್ಲಿ ಎರಡು ಮೂರು ಕೂದಲು ಇರಬಹುದಾದ್ದರಿಂದ ಸಾವಿರ ಗ್ರಾಫ್ಟು ಎರಡೂವರೆ ಸಾವಿರ ಕೂದಲಾಗಿಬಿಡುತ್ತದೆ. ಲಿಖಿತವಾಗಿ ಗ್ರಾಫ್ಟಿನ ಸಂಖ್ಯೆಯನ್ನೇ ಬರೆಸಿಕೊಳ್ಳಿ. ಅಂದಗಾಣಿಸುವ ಶಸ್ತ್ರಚಿಕಿತ್ಸೆಗೆ ಆರೋಗ್ಯ ವಿಮೆ ಸಿಗುವುದಿಲ್ಲ. ಆರೋಗ್ಯ ಸೇವೆಗಿರುವ ಜಿಎಸ್‌ಟಿ ವಿನಾಯಿತಿಯೂ ಕೂದಲು ಕಸಿಗೆ ಅನ್ವಯವಾಗುವುದಿಲ್ಲ. ಹುಟ್ಟಿನ ನ್ಯೂನತೆ, ಗಾಯ, ಅಪಘಾತದ ಕಾರಣಕ್ಕೆ ಸರಿಪಡಿಸುವುದಾದರೆ ಮಾತ್ರ ವಿನಾಯಿತಿ ಇದೆ. ಸೀಳುತುಟಿ, ಸುಟ್ಟ ಕಲೆಯವರು ಇದನ್ನು ಕೇಳಿ ಪಡೆಯಬೇಕು.

ಆಮೇಲಿನ ಒಂದು ವರ್ಷ

ಮೊದಲ ಕೆಲವು ದಿನ ಮುಖ ಊದಿ, ಪ್ರತಿ ಗ್ರಾಫ್ಟಿನ ಸುತ್ತ ಹಕ್ಕಳೆ ಕಟ್ಟುತ್ತದೆ. ಕೆರೆಯಬಾರದು, ಕೀಳಬಾರದು. ಉಪ್ಪುನೀರಿನ ಸ್ಪ್ರೇ ಹೊಡೆಯುತ್ತ, ತಲೆ ಎತ್ತರದಲ್ಲಿಟ್ಟು ಅಂಗಾತ ಮಲಗಬೇಕು. ಮೀಸೆ ಮಾಡಿಸಿಕೊಂಡವರು ರೊಟ್ಟಿ, ಮಾಂಸದಂಥ ಬಲವಾಗಿ ಅಗಿಯುವ ಊಟ ಬಿಟ್ಟು ಗಂಜಿ, ಮೊಸರನ್ನದಲ್ಲಿ ದಿನ ದೂಡುವುದು ಲೇಸು. ಸಿಗರೇಟು ರಕ್ತನಾಳವನ್ನು ಬಿಗಿಸುವುದರಿಂದ ಗ್ರಾಫ್ಟಿಗೆ ನೇರ ಶತ್ರು. ಹತ್ತು ದಿನಗಳೊಳಗೆ ಹಕ್ಕಳೆ ತಾನಾಗಿ ಉದುರುತ್ತದೆ. ಅಲ್ಲಿಯವರೆಗೆ ಫುಲ್ ಹೆಲ್ಮೆಟ್ ಕೆನ್ನೆಗೆ ಉಜ್ಜುವುದರಿಂದ ಬೈಕ್ ಬಿಟ್ಟು ಬಸ್ಸು, ಆಟೊ ಹಿಡಿಯಬೇಕು; ಹೆಲ್ಮೆಟ್ ಬಿಟ್ಟು ಬೈಕ್ ಓಡಿಸುವುದಲ್ಲ. ಟ್ರಿಮ್ಮರ್ ಎರಡು ವಾರದ ಮೇಲೆ, ಬ್ಲೇಡು ಸುಮಾರು ಒಂದು ತಿಂಗಳ ಮೇಲೆ, ಅದೂ ವೈದ್ಯರು ಒಪ್ಪಿದರೆ. ನಮ್ಮ ಕಂದು ಚರ್ಮ ಗಾಯವಾದಲ್ಲಿ ಕಪ್ಪಾಗುವ ಸ್ವಭಾವದ್ದು. ಬಿಸಿಲಿಗೆ ಮುಖ ಒಡ್ಡಿದರೆ ಆ ಕಪ್ಪು ತಿಂಗಳುಗಟ್ಟಲೆ ಉಳಿಯುತ್ತದೆ.

ಎರಡರಿಂದ ಎಂಟು ವಾರಗಳ ನಡುವೆ ನೆಟ್ಟ ಕೂದಲು ಬಹುಪಾಲು ಉದುರುತ್ತದೆ. ದುಡ್ಡೆಲ್ಲ ನೀರಿಗೆ ಹೋಯಿತೆಂದು ಅನೇಕರು ಕಂಗಾಲಾಗುವುದು ಈಗ. ಮಡಿಯಿಂದ ಕಿತ್ತು ಗದ್ದೆಯಲ್ಲಿ ನಾಟಿ ಮಾಡಿದ ಭತ್ತದ ಸಸಿ ಕೆಲವು ದಿನ ಬಾಡಿ ಹಳದಿಯಾಗಿ, ಬೇರು ಹಿಡಿದ ಮೇಲೆ ಹಸಿರಾಗುವಂತೆ, ಇಲ್ಲಿಯೂ ಉದುರಿದ್ದು ಎಳೆ ಮಾತ್ರ. ಬೇರು ಒಳಗೆ ಸುಧಾರಿಸಿಕೊಳ್ಳುತ್ತಿರುತ್ತದೆ. ಮೂರು ನಾಲ್ಕು ತಿಂಗಳಿಗೆ ಹೊಸ ಎಳೆ ಮೂಡುತ್ತದೆ. ಆರು ತಿಂಗಳಿಗೆ ಆಕಾರ ಕಾಣುತ್ತದೆ, ಪೂರ್ತಿ ಫಲ ಕಾಣಲು ಒಂಬತ್ತರಿಂದ ಹನ್ನೆರಡು ತಿಂಗಳು. ಮದುವೆಗೆ ಎರಡು ತಿಂಗಳಿರುವಾಗ ಕಸಿಗೆ ಓಡಿದವರು ಧಾರೆಯ ಹೊತ್ತಿಗೆ ಮೊದಲಿಗಿಂತ ವಿರಳ ಗಡ್ಡದಲ್ಲಿ, ಕೆಂಪು ಚುಕ್ಕಿಗಳೊಂದಿಗೆ ಕೂರಬೇಕಾದೀತು.

ಹೊಸ ಎಳೆ ಚರ್ಮ ಸೀಳಿ ಬರಲಾರದೆ ಒಳಗೇ ಸುರುಳಿ ಸುತ್ತಿದರೆ ಮೊಡವೆಯಂತಹ ಗುಳ್ಳೆಯಾಗುತ್ತದೆ. ಬಿಸಿನೀರಿನ ಬಟ್ಟೆ ಒತ್ತಿದರೆ ಹೆಚ್ಚಿನವು ಇಳಿಯುತ್ತವೆ. ಆದರೆ ಜ್ವರ, ಕೀವು, ಹರಡುವ ಕೆಂಪು, ಹೆಚ್ಚುತ್ತ ಹೋಗುವ ನೋವು ಕಂಡರೆ ಅದೇ ದಿನ ವೈದ್ಯರನ್ನು ಕಾಣಬೇಕು. ಕ್ಲಿನಿಕ್ಕಿನವರು ಫೋನ್ ಎತ್ತದಿದ್ದರೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಕೋನ ತಪ್ಪಿ ನೆಟ್ಟ ಕೂದಲನ್ನು ಮತ್ತೆ ಪಂಚ್‌ನಿಂದ ತೆಗೆಯಬಹುದು, ಲೇಸರ್ ಅಥವಾ ವಿದ್ಯುತ್ ಸೂಜಿಯಿಂದ ಬೇರು ಸುಡಬಹುದು. ಕಲೆಯ ಭಯ ಎರಡರಲ್ಲೂ ಇದೆ. ಅಲ್ಲಲ್ಲಿ ತೆಳುವಾಗಿ ಉಳಿದ ಜಾಗಕ್ಕೆ ಎರಡನೆಯ ಕಂತು ಬೇಕೆನಿಸಿದರೆ, ಮೊದಲ ಕಂತು ವರ್ಷ ತುಂಬುವ ಮುನ್ನ ಅದನ್ನು ನಿರ್ಧರಿಸಬಾರದು. ಹಿಡಿಯಬೇಕಾದ್ದೆಲ್ಲ ಹಿಡಿದಿದೆಯೇ ಎಂಬುದು ಅಷ್ಟರೊಳಗೆ ಯಾರಿಗೂ ತಿಳಿಯುವುದಿಲ್ಲ.